ಭಾನುವಾರದ ಮಗಳು

ದೊಡ್ಡ ಜ್ವರ ಇಳಿದ ವರ್ಷ ಸರ್ಕಾರ ಮೊದಲು ಅಕ್ಕಿ ಹಂಚಿತು, ಆಮೇಲೆ ಮಕ್ಕಳನ್ನು ಹಂಚಿತು. ಮಗು ಉಳಿದ ಮನೆಯವರು ವಾರಕ್ಕೊಂದು ದಿನ ಅದನ್ನು ಮಗು ಕಳೆದುಕೊಂಡ ಮನೆಗೆ ಕಳಿಸಬೇಕಿತ್ತು. ಗದಗಿನ ಕಸ್ತೂರಿ ತನ್ನ ಆರು ವರ್ಷದ ಮಗಳು ಪ್ರೇಮಾಳನ್ನು ಪ್ರತಿ ಭಾನುವಾರ ಹಿಂದಿನ ಓಣಿಯ ದಾಕ್ಷಾಯಣಿಯ ಮನೆಗೆ ಬಿಟ್ಟು ಬರುತ್ತಿದ್ದಳು.

ಸಂಜೆ ಮರಳಿದ ಮಗಳ ಮೈಯಿಂದ ಬೇರೆ ಸಾಬೂನಿನ ವಾಸನೆ ಬರುತ್ತಿತ್ತು. ಮನೆಯಲ್ಲಿ ಮುಟ್ಟದ ಹೀರೇಕಾಯಿ ಪಲ್ಯವನ್ನು ಅಲ್ಲಿ ಕೇಳಿ ಹಾಕಿಸಿಕೊಳ್ಳುತ್ತಾಳೆಂದು ತಿಳಿದಾಗ ಕಸ್ತೂರಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು.

ಮುಂದಿನ ಭಾನುವಾರ ಹೊತ್ತಿಗೆ ಮುಂಚೆಯೇ ಕರೆಯಲು ಹೋದಳು. ಪ್ರೇಮಾ ಚಾಪೆಯ ಮೇಲೆ ಕೈಕಟ್ಟಿ ಕೂತು ಹಾಡು ಹೇಳುತ್ತಿದ್ದಳು.

"ನನ್ನ ಮುಂದ ಹಿಂಗ ಒಂದಿನಾನೂ ಕುಂತಿಲ್ಲ. ಏನ್ ಮಾಡಿ ಒಲಿಸಿಕೊಂಡೀರಿ?" ಎಂದಳು ಕಸ್ತೂರಿ.

"ಬೀಗರ ಮನಿಗೆ ಬಂದಂಗ ಇರ್ತಾಳ್ರೀ," ಎಂದಳು ದಾಕ್ಷಾಯಣಿ. "ಕೊಟ್ಟಿದ್ದು ಉಣ್ತಾಳ, ಹೇಳಿದ್ದು ಕೇಳ್ತಾಳ. ನಿಮ್ಮ ಕೂಡ ಜಗಳಾ ಆಡ್ತಾಳಂತ, ಖರೇ ಏನ್ರಿ? ನನ್ನ ಮಗಳೂ ಹಂಗ ಆಡ್ತಿದ್ಲು."

ಅವಳ ಕಣ್ಣಲ್ಲಿದ್ದ ಹೊಟ್ಟೆಕಿಚ್ಚು ಕಸ್ತೂರಿಗೆ ತಕ್ಷಣ ಗುರುತು ಸಿಕ್ಕಿತು.

ಬೀದಿಗಿಳಿದದ್ದೇ ಪ್ರೇಮಾ ಚಪ್ಪಲಿ ಬಿಸಾಕಿ, ನಡೆಯುವುದಿಲ್ಲವೆಂದು ನೆಲದ ಮೇಲೆ ಕೂತು ರಂಪ ತೆಗೆದಳು. ದಾಕ್ಷಾಯಣಿ ಬಾಗಿಲಿಗೆ ಬಂದು ನಿಂತು ಆಸೆಯಿಂದ ನೋಡತೊಡಗಿದಳು. ಕಸ್ತೂರಿ ಒದ್ದಾಡುವ ಮಗಳನ್ನು ಎತ್ತಿಕೊಂಡು ಓಣಿಯ ತಿರುವು ದಾಟುವವರೆಗೆ ಬಿರಬಿರನೆ ನಡೆದಳು. ಆ ಹಠವನ್ನೂ ಹಂಚಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.