ಏರುದನಿ

ಪದ ಅರ್ಧಕ್ಕೇ ನಿಂತುಬಿಟ್ಟಿತು. ಹಣೆತುಂಬ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದ ರಾವಸಾಬನ ಹೆಣದ ಮುಂದೆ ತಾಂಬಾ ಊರಿನ ಭಜನೆಯವರು ತಲೆ ತಗ್ಗಿಸಿದರು. ಮುಂದಿನ ಸಾಲಿನ ಏರುದನಿ ಮೇಳದಲ್ಲಿ ಅವನೊಬ್ಬನಿಗೇ ಎಟುಕುತ್ತಿತ್ತು. "ಸಾಕು ಬಿಡ್ರೆಪ್ಪಾ, ಇನ್ನ ಎತ್ತೂಣು," ಎಂದರು ಹಿರಿಯರು.

ಬಾಗಿಲ ಬಳಿ ಕುಳಿತಿದ್ದ ಹೆಂಡತಿ ಗುಂಡವ್ವನಿಗೆ ಆ ಸಾಲು ಬರುತ್ತಿತ್ತು. ಒಲೆಯ ಮುಂದೆ ಅವಳು ಹಾಡಿದಾಗಲೆಲ್ಲ ರಾವಸಾಬ, "ನೀ ರೇಡಿಯೊದಾಗ ಹಾಡಾಕಿ, ನೋಡ್ತಿರು" ಎನ್ನುತ್ತಿದ್ದ. "ನನ್ನ ದನಿ ರೊಟ್ಟಿ ಬಡಿಯೂ ಸಪ್ಪಳಕ್ಕಷ್ಟ ಜೋಡಿರಿ," ಎಂದು ಅವಳು ನಗುತ್ತಿದ್ದಳು. ಹಾಡಬೇಡವೆಂದು ಅವಳನ್ನು ತಡೆದವರು ಯಾರೂ ಇರಲಿಲ್ಲ, ಅವಳೇ ಒಲ್ಲೆನೆನ್ನುತ್ತಿದ್ದಳು.

ಅವಳು ಎದ್ದು ನಿಂತಳು. ಹಾಡಿಕೊಂಡು ಅಳುವಳೆಂದು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗುಂಡವ್ವ ಅಳಲಿಲ್ಲ, ಅರ್ಧಕ್ಕೆ ನಿಂತಿದ್ದ ಪದದ ಆ ಸಾಲನ್ನೇ ಎತ್ತಿ ಹಾಡಿದಳು. ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ ಮೈದುನ ಶಂಕರೆಪ್ಪ ಬೆಚ್ಚಿಬಿದ್ದು, "ಬರ್ರಿ ವೈನಿ, ಮುಂದ ಕುಂದರ್ರಿ," ಎಂದು ಜಾಗ ಬಿಟ್ಟ. ಗಂಡಸರ ಕೊರಳುಗಳು ಒಂದೊಂದಾಗಿ ಅವಳ ಬೆನ್ನಿಗೆ ಬಂದವು.

ಪದ ಮುಗಿಯಿತು. ಹೆಣ ಎತ್ತಲು ಬಾಗಿದವರಿಗೆ ಗುಂಡವ್ವ ಕೈ ಅಡ್ಡ ಹಿಡಿದಳು.

"ತಡೀರಿ, ಇನ್ನೊಂದೈತಿ. ನಾನ ಕಟ್ಟಿದ ಪದ. ನಗ್ತಾರಂತ ಇವರಿಗೂ ಹಾಡಿ ತೋರಿಸಿರಲಿಲ್ಲ."