ಮೆಟ್ಟಿಲ ಮೇಲಿನ ಬೂಟುಗಳು

ಬೆಳ್ಳಿ ಬಣ್ಣದ ಪಿಕಪ್ ಊರಿನ ಬೋರ್ಡಿನ ಹತ್ತಿರ ನಿಂತದ್ದೇ ಡೋರೀನ್ ಗ್ಲಾಸು ಒರೆಸುವುದನ್ನು ಬಿಟ್ಟು ತನ್ನ ಬಾರಿನ ಕಿಟಕಿಗೆ ಧಾವಿಸಿದಳು. ಯಾರಾಬಿನ್‌ಗೆ ಬರುವವರು ಯಾರೂ ಅಲ್ಲಿ ನಿಲ್ಲುವುದಿಲ್ಲ. ಈತ ಇಳಿದ, ಬೋರ್ಡು ಓದಿದ, ಜೇಬಿನಿಂದ ಪುಸ್ತಕ ತೆಗೆದು ಏನೋ ಬರೆದುಕೊಂಡ. ಗಾಡಿಯ ಹಿಂದೆ ಟಾರ್ಪಾಲಿನಡಿಯಿಂದ ನಾಲ್ಕು ಮರದ ಕಾಲು ಹೊರಗೆ ಚಾಚಿದ್ದವು. ಅಳತೆಯ ಸಾಮಾನೇ ಇರಬೇಕು.

"ಬಂದ ಕಣೋ ಕ್ಲೆಮ್," ಎಂದಳು ಬಾರಿನ ಕಿಟಕಿಯಿಂದ ಕಣ್ಣು ಕೀಳದೆ. "ಎಣಿಸೋನು ಬಂದ. ಓಡು!"

ಎಪ್ಪತ್ತು ದಾಟಿದ ಕ್ಲೆಮ್ ಅರ್ಧ ಗ್ಲಾಸು ಬಿಯರು ಬಿಟ್ಟು ಎದ್ದ. ಜನ್ಮದಲ್ಲೇ ಅವನು ಅಂಥ ತ್ಯಾಗ ಮಾಡಿದವನಲ್ಲ.

ಜಿಲ್ಲಾ ಕಚೇರಿಯ ಪತ್ರ ಬಂದು ತಿಂಗಳಾಗಿತ್ತು. ಊರಲ್ಲಿ ಇಪ್ಪತ್ತು ಜನ ಇಲ್ಲವೆಂದರೆ ಜನರೇಟರಿಗೆ ಡೀಸೆಲ್ ಬಂದ್. ಜನರೇಟರ್ ನಿಂತರೆ ಬೋರ್‌ವೆಲ್ ನಿಂತಿತು. ಬೋರ್‌ವೆಲ್ ನಿಂತರೆ ಈ ಕೆಂಪು ಮಣ್ಣಲ್ಲಿ ಊರಿನ ಕಥೆ ಮುಗಿಯಿತು. ಎಣಿಸಲು ಒಬ್ಬ ಬರುತ್ತಾನೆ, ಯಾವಾಗ ಅಂತ ಹೇಳುವುದಿಲ್ಲ. ಊರಲ್ಲಿ ಇದ್ದವರು ಹದಿನಾಲ್ಕೇ ಜನ.

ತಾಮ್ರ ಸಿಗುತ್ತಿದ್ದ ಕಾಲದಲ್ಲಿ ಇದೇ ಬೀದಿಯಲ್ಲಿ ಎರಡು ಸಾವಿರ ಜನ, ಐದು ಬಾರು, ವಾರಕ್ಕೆ ಮೂರು ರೈಲು. ತಾಮ್ರ ಮುಗಿಯಿತು. ರೈಲು ನಿಂತಿತು. ಆಮೇಲೆ ಪುಣ್ಯಾತ್ಮರು ಕಂಬಿಗಳನ್ನೂ ಕಿತ್ತುಕೊಂಡು ಹೋದರು. ಡೋರೀನಳ ಅಜ್ಜಿ, ತಾಯಿ, ಗಂಡ ಮೂವರೂ ಬಾರಿನ ಹಿಂದಿನ ದಿಬ್ಬದಲ್ಲಿ ಮಣ್ಣಾಗಿದ್ದಾರೆ. ಅವರನ್ನು ಬಿಟ್ಟು ಹೋಗುವ ಮಾತೆತ್ತಿದವರಿಗೆ ಅವಳು ಬಿಯರು ಕೊಡುತ್ತಿರಲಿಲ್ಲ.

ಈ ಸೀಮೆಯಲ್ಲಿ ಮನೆಯಲ್ಲಿ ಜನ ಇದ್ದಾರೆಂದರೆ ಮೆಟ್ಟಿಲ ಮೇಲೆ ಬೂಟು ಬೋರಲು ಬಿದ್ದಿರುತ್ತದೆ, ಒಳಗೆ ಜೇಡ ಸೇರದಿರಲಿ ಅಂತ. ಬೂಟಿಲ್ಲದ ಮೆಟ್ಟಿಲೆಂದರೆ ಖಾಲಿ ಮನೆ. ಚಾವಣಿ ಗಟ್ಟಿಯಿದ್ದ ಖಾಲಿ ಮನೆಗಳು ಆರು. ಊರಿನ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ಹಳೇ ಗಣಿ ಕೆಲಸಗಾರರ ಬೂಟುಗಳಿದ್ದವು. ಈಗ ಪೆಟ್ಟಿಗೆ ಬರಿದು, ಮೆಟ್ಟಿಲುಗಳು ಭರ್ತಿ. ತಂತಿಗಳ ಮೇಲೆ ಊರವರ ಬಟ್ಟೆಗಳೇ ಒಣಗುತ್ತಿದ್ದವು.

"ಊರು ಸುತ್ತಿ ನೋಡಬಹುದಾ?" ಬಂದವನು ಟೋಪಿ ತೆಗೆದು ಕೇಳಿದ. ನಲವತ್ತರ ಆಸುಪಾಸು, ಬಿಸಿಲು ತಿಂದ ಮುಖ.

"ಧಾರಾಳವಾಗಿ. ನಾನೇ ತೋರಿಸ್ತೀನಿ ಬನ್ನಿ," ಎಂದಳು ಡೋರೀನ್. ಒಂಟಿಯಾಗಿ ಬಿಡುವುದುಂಟೇ!

ಅವನ ಕಣ್ಣು ಮೊದಲು ಹೋದದ್ದು ಮೆಟ್ಟಿಲಿಗೇ. ಕಳ್ಳ, ಎಲ್ಲ ತಿಳಿದೇ ಬಂದಿದ್ದಾನೆ ಅಂದುಕೊಂಡಳು.

"ಇಲ್ಲಿ ಯಾರಿದ್ದಾರೆ?"

"ಪೆಂಗೆಲಿ ಅಂತ, ಗಂಡ ಹೆಂಡತಿ. ಕುರಿ ಉಣ್ಣೆ ಕತ್ತರಿಸೋ ಕೆಲಸಕ್ಕೆ ಹೋಗಿದ್ದಾರೆ."

ಅವನು ಕಿಟಕಿಗೆ ಹಣೆ ಒತ್ತಿ ಇಣುಕಿದ. "ಎಷ್ಟು ಕೋಣೆ?"

"ಯಾಕ್ರೀ?"

"ಸುಮ್ನೆ ಕೇಳ್ದೆ." ನೀರಿನ ಟ್ಯಾಂಕಿಗೆ ಬೆರಳು ಬಡಿದು ಕಿವಿಯಿಟ್ಟ. ನಲ್ಲಿ ತಿರುಗಿಸಿ ಒಂದು ಬೊಗಸೆ ಕುಡಿದ. "ನೀರು ಸಿಹಿ ಇದೆ."

"ಇಪ್ಪತ್ತು ಜನ ಕುಡೀತೀವಲ್ಲ," ಎಂದಳು ಅವಳು ತಟ್ಟನೆ.

ಕ್ಲೆಮ್ ಎದುರಿಗೆ ಹಾದುಹೋದ, ಹುಲ್ಲಿನ ಟೋಪಿ. ಸ್ವಲ್ಪ ಹೊತ್ತಿಗೆ ಮತ್ತೆ ಹಾದ, ಕರೀ ಟೋಪಿ. ಮೂರನೇ ಸಲ ಹೂವಿನ ಲಂಗ ತೊಟ್ಟು, ಬಕೆಟ್ ಹಿಡಿದು, ದೂರದಿಂದಲೇ ಕೈಬೀಸಿದ. ಡೋರೀನ್ ಮನಸ್ಸಿನಲ್ಲೇ ಅವನ ವಂಶ ಜಾಲಾಡಿದಳು.

"ಮಕ್ಕಳಿದ್ದಾರಾ ಊರಲ್ಲಿ?"

"ಇಬ್ಬರು. ಶಾಲೆ ದೂರ, ರೇಡಿಯೋದಲ್ಲಿ ಪಾಠ ಕೇಳ್ತಾರೆ."

ಅದನ್ನೂ ಬರೆದುಕೊಂಡ.

ಕೊನೆಗೆ ನೀಲಗಿರಿ ಮರದಡಿಯ ಬಿಳಿ ಮನೆ. ಗೇಟು ಹಿಡಿದು ಅವನು ಬಹಳ ಹೊತ್ತು ನಿಂತ. ಆಗ ಅವಳಿಗೆ ಕಂಡಿತು: ಮೆಟ್ಟಿಲ ಮೇಲಿನ ಬೂಟಿಗೆ ಮ್ಯೂಸಿಯಂನ ಚೀಟಿ ಇನ್ನೂ ನೇತಾಡುತ್ತಿತ್ತು! 'ಇಸವಿ 1897' ಎಂದು ದಪ್ಪ ಅಕ್ಷರದಲ್ಲಿ. "ಅಯ್ಯೋ, ನನ್ನ ಮಂಡಿ!" ಎನ್ನುತ್ತ ಹೋಗಿ ಚೀಟಿಯ ಮೇಲೇ ಕುಸಿದು ಕೂತಳು.

"ಹುಷಾರು," ಎಂದು ಅವನು ಕೈ ಕೊಟ್ಟ. ಚೀಟಿ ಅವನ ಕಣ್ಣಿಗೆ ಬೀಳಲಿಲ್ಲ. "ಇದರಲ್ಲೂ ಜನ ಇದ್ದಾರಾ?"

"ಇರದೆ ಏನು? ಊರಲ್ಲಿ ಮೊದಲು ತುಂಬೋದೇ ಈ ಮನೆ."

ಅವನು ಪುಸ್ತಕ ಮಡಚಿ ಜೇಬಿಗಿಟ್ಟ.

ಬಾರಿಗೆ ಮರಳಿ ಆರು ನಿಂಬೆ ಸೋಡಾ, ಆರು ಮಾಂಸದ ಪೈ ಕಟ್ಟಿಸಿಕೊಂಡ. "ನಮ್ಮೋರು ಹಳ್ಳದ ಹತ್ರ ನೆರಳಲ್ಲಿ ಕಾಯ್ತಿದ್ದಾರೆ. ಏನಾಯ್ತು ಅಂತ ಕೇಳ್ತಾರೆ."

"ಏನಂತ ಹೇಳ್ತೀರಿ?" ಡೋರೀನ್ ಚಿಲ್ಲರೆ ಎಣಿಸುತ್ತ ಕೇಳಿದಳು.

"ಇದ್ದದ್ದು ಇದ್ದ ಹಾಗೆ. ಊರು ತುಂಬಿದೆ ಅಂತ."

ಆರು ಜನರ ದಂಡನ್ನೇ ಕಳಿಸಿದ್ದಾರಲ್ಲ ಈ ಪಾಪಿಗಳು! ಆದರೂ ಅವಳು ನಗುತ್ತಲೇ ಗಲ್ಲಾ ಮೇಲಿನ ಪುಸ್ತಕ ಮುಂದೆ ತಳ್ಳಿದಳು. ಯಾರಾಬಿನ್ ಹಾದುಹೋಗುವವರೆಲ್ಲ ಅದರಲ್ಲಿ ಎರಡು ಸಾಲು ಬರೆಯಲೇಬೇಕು, ಅಜ್ಜಿಯ ಕಾಲದ ಪದ್ಧತಿ. ಅವನು ನಿಧಾನವಾಗಿ ಬರೆದ, ಟೋಪಿ ಹಾಕಿಕೊಂಡು ಹೊರಟ.

ಪಿಕಪ್ಪಿನ ಧೂಳು ಅಡಗುವವರೆಗೆ ಯಾರೂ ಹೊರಗೆ ಬರಲಿಲ್ಲ. ಆಮೇಲೆ ಉಳಿದ ಹದಿಮೂರೂ ಜನ ಬಾರಿನೊಳಗೆ ನುಗ್ಗಿದರು. ಕ್ಲೆಮ್ ಲಂಗ ಎತ್ತಿ ಹಿಡಿದು ಕುಣಿದ. ಡೋರೀನ್ ಅತ್ತೇಬಿಟ್ಟಳು. ಸಂತೋಷಕ್ಕೆ ಅತ್ತು ಎಷ್ಟು ವರ್ಷವಾಗಿತ್ತೋ.

ಒಂದು ಗಂಟೆ ಕಳೆದಿರಬೇಕು, ಫೋನು ಬಡಿದುಕೊಂಡಿತು. ಜಿಲ್ಲಾ ಕಚೇರಿಯ ಹೆಂಗಸು.

"ಮುಂಚೆ ಹೇಳಬಾರದು, ಆದ್ರೂ ಹೇಳ್ತಿದ್ದೀನಿ ಡೋರೀನ್. ಎಣಿಸೋರ ಕಾರು ದಾರೀಲಿ ಕೆಟ್ಟಿದೆ, ನಾಳೆ ಬರ್ತಾರೆ. ನಿಮ್ಮಲ್ಲೇ ಒಂದು ಕೋಣೆ ಬೇಕು, ಎರಡು ದಿನಕ್ಕೆ. ಒಬ್ಬೊಬ್ಬರನ್ನೂ ಎದುರಿಗೆ ಕೂರಿಸ್ಕೊಂಡು ಹೆಸರು ಬರ್ಕೊಳ್ತಾರಂತೆ."

"ನಾಳೆ? ಹಾಗಾದ್ರೆ ಇವತ್ತು ಬಂದೋನು..."

"ಇವತ್ತು ನಮ್ಮೋರು ಯಾರೂ ಬಂದಿಲ್ಲವಲ್ಲ."

ಡೋರೀನ್ ಫೋನಿಟ್ಟು ಪುಸ್ತಕ ಎಳೆದುಕೊಂಡಳು. ಮಸಿ ಇನ್ನೂ ಹೊಳೆಯುತ್ತಿತ್ತು.

'ಓವನ್ ಲಿಡಲ್, ಹೆಂಡತಿ, ನಾಲ್ಕು ಮಕ್ಕಳು: ನೆಲೆಯೂರಲು ಊರು ಹುಡುಕುತ್ತ ಬಂದೆವು, ನಿಮ್ಮ ನೀರೂ ಆ ಬಿಳಿ ಮನೆಯೂ ಬಹಳ ಹಿಡಿಸಿದವು, ಒಂದೇ ಒಂದು ಮನೆ ಖಾಲಿ ಇದ್ದಿದ್ದರೆ ಇಲ್ಲೇ ಉಳಿಯುತ್ತಿದ್ದೆವು.'