ಹಿಗ್ಗಿಸಿ ನೋಡಿದ ಎಳೆ

"ಸಿಕ್ತು," ಅಂದರು ಅತ್ತೆ, ಕಣ್ಣು ತೆರೆಯದೆಯೇ. ಕೋಟಿನ ತೋಳಿನ ಮೇಲೆ ಓಡುತ್ತಿದ್ದ ಅವರ ಹೆಬ್ಬೆರಳು ಗಕ್ಕನೆ ನಿಂತಿತ್ತು. "ಬಿಚ್ಚು."

ಸೊಸೆಯ ಮುಖ ಸಣ್ಣಗಾಯಿತು. ಹರಿದ ಬಟ್ಟೆಗೆ ಹೊಸ ಎಳೆ ಹೆಣೆದು, ಹರಿದದ್ದೇ ಗೊತ್ತಾಗದ ಹಾಗೆ ರಫೂ ಮಾಡಿಕೊಡುವ ಅಂಗಡಿ ಅದು. ಅಂಗಡಿ ಅಂದರೆ ಒಂದು ಕಿಟಕಿ, ಎರಡು ಸ್ಟೂಲು, ಗೋಡೆ ತುಂಬ ನೂಲಿನ ಉಂಡೆ. ಅಲ್ಲಿನ ಪರೀಕ್ಷೆ ಒಂದೇ. ಹರಿದಿದ್ದ ಕಡೆ ಸೊಸೆ ಅಂಗೈ ಇಟ್ಟು ತೋರಿಸಬೇಕು. ಆ ಅಂಗೈ ಅಗಲದೊಳಗೆ ರಫೂ ಎಲ್ಲಿದೆ ಅಂತ ಅತ್ತೆಯ ಹೆಬ್ಬೆರಳಿಗೆ ಸಿಗಬಾರದು. ಸಿಗದಿದ್ದರೆ ಸೊಸೆ ಇನ್ನು ಮೇಲೆ ಕೋಟು, ಶಾಲು ಮುಟ್ಟಬಹುದು. ಸಿಕ್ಕರೆ ಮತ್ತೆ ಪ್ಯಾಂಟಿನ ಅಂಚು ಮಡಿಸುವುದು, ಗುಂಡಿ ಹಾಕುವುದು. ನಾಲ್ಕು ವರ್ಷದಲ್ಲಿ ಆರು ಸಲ ಸಿಕ್ಕಿಬಿದ್ದಿದ್ದಳು. ಇದು ಏಳನೆಯದು.

"ಎಲ್ಲಿ ತಪ್ಪಿದೆ ಹೇಳಿ ಅತ್ತೆ. ಒಂದೊಂದು ಎಳೆನೂ ಎಣಿಸಿ ಹಾಕಿದೀನಿ."

"ಅದೆಲ್ಲ ನಂಗೇನು ಗೊತ್ತು? ಬೆರಳಿಗೆ ತಗಲ್ತು, ಅಷ್ಟೆ. ಕೋಟು ಕೊಟ್ಟ ಲೈಬ್ರರಿಯವರು ಐದು ಗಂಟೆಗೆ ತಗೊಂಡು ಹೋಗೋಕೆ ಬರ್ತಾರೆ. ಬಿಚ್ಚಿ ಇಲ್ಲಿ ಕೊಡು, ನಾನೇ ಮಾಡ್ತೀನಿ."

ಸೊಸೆ ಬಿಚ್ಚಲಿಲ್ಲ, ಫೋನು ಎತ್ತಿಕೊಂಡಳು. ಅದು ಅವಳ ಕೈಗೆ ಬಂದು ನಾಲ್ಕು ದಿನವಾಗಿತ್ತು, ಮೊದಲ ಸ್ಮಾರ್ಟ್‌ಫೋನು. ಮಾತಾಡುವುದಕ್ಕಿಂತ, ಕಂಡದ್ದನ್ನೆಲ್ಲ ಅದರ ಕ್ಯಾಮೆರಾದಲ್ಲಿ ಹಿಡಿದು ಹಿಗ್ಗಿಸಿ ನೋಡುವುದೇ ಅವಳಿಗೆ ಹುಚ್ಚಾಗಿಬಿಟ್ಟಿತ್ತು. ಉಪ್ಪಿನ ಹರಳಿಗೆ ಮೂಲೆಗಳಿದ್ದವು. ಇರುವೆಯ ಕಾಲಿಗೆ ಕೂದಲಿತ್ತು. ಮಲಗಿದ್ದ ಗಂಡನ ಹುಬ್ಬನ್ನೂ ಬಿಟ್ಟಿರಲಿಲ್ಲ.

"ಶುರುವಾಯ್ತು," ಅಂದರು ಅತ್ತೆ. "ನಿನ್ನೆ ನನ್ನ ಕಾಲುಗುರು ನೋಡಿದ್ದಾಯ್ತು. ಇವತ್ತು ಹಲ್ಲು ಎಣಿಸ್ತೀಯೇನೋ."

"ಇರೋದು ನಾಲ್ಕು, ಅದಕ್ಕೆ ಫೋನು ಯಾಕೆ ಅತ್ತೆ?"

ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ಚಿತ್ರ ತೆಗೆದಳು. ಎರಡು ಬೆರಳಲ್ಲಿ ಅಗಲಿಸಿದಳು. ಒಂದು ಎಳೆ ಮೇಲೆ, ಒಂದು ಕೆಳಗೆ, ಚದುರಂಗದ ಮನೆಗಳ ಹಾಗೆ. ಅವಳ ರಫೂವಿನಲ್ಲಿ ಎಲ್ಲೂ ಒಂದು ಕೂದಲಿನಷ್ಟು ಅತ್ತಿತ್ತ ಇರಲಿಲ್ಲ. "ನೋಡಿ, ನೀವೇ ನೋಡಿ!"

ಅತ್ತೆ ನೋಡಬಾರದು ಅಂದುಕೊಂಡೇ ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ಹತ್ತಿರ ಬಂದರು. "ಅಯ್ಯೋ, ಎಳೆ ಅನ್ನೋದು ಹಗ್ಗದ ಹಾಗಿದೆಯಲ್ಲೇ! ಎಲ್ಲಿ, ನನ್ನದನ್ನ ತೆಗಿ ನೋಡೋಣ," ಎಂದು ಬೆಳಿಗ್ಗೆ ತಾವು ಮುಗಿಸಿದ್ದ ಶಾಲನ್ನು ಮುಂದೆ ತಳ್ಳಿದರು. ಅವರು ಬೆರಳಿಟ್ಟು ತೋರಿಸುವವರೆಗೆ ಸೊಸೆಗೆ ಜಾಗವೇ ಸಿಗಲಿಲ್ಲ. ತೋರಿಸಿದ ಮೇಲೆ ಚಿತ್ರ ತೆಗೆದು ಅಗಲಿಸಿದಳು. ಒಂದು ಎಳೆ ಬಿಗಿ, ಪಕ್ಕದ್ದು ಸಡಿಲ. ಒಂದು ಕಡೆ ನೂಲು ಒಂದನ್ನು ದಾಟುವ ಬದಲು ಎರಡನ್ನು ದಾಟಿತ್ತು. ಅತ್ತೆ ಎಣಿಸಿ ಹೊಲಿಯುವವರಲ್ಲ, ಯಾವುದೋ ಪದ್ಯ ಗುನುಗುತ್ತಾ ಹೊಲಿಯುವವರು.

"ಇಷ್ಟೊಂದು ತಪ್ಪಾ?" ಅತ್ತೆಯ ದನಿ ಇಳಿದಿತ್ತು. "ನಲವತ್ತು ವರ್ಷ ಜನಕ್ಕೆ ಇದನ್ನೇ ಕೊಟ್ಟಿದೀನಾ?"

ಸೊಸೆ ಚಿತ್ರವನ್ನು ಪಕ್ಕಕ್ಕೆ ಸರಿಸಿದಳು. ಸೂಜಿ ಮುಟ್ಟದ ಬಟ್ಟೆ ಬಂತು. ಅಲ್ಲೂ ಒಂದು ಬಿಗಿ, ಒಂದು ಸಡಿಲ. ಅಲ್ಲೂ ಒಂದು ನೂಲು ಎರಡನ್ನು ದಾಟಿತ್ತು.

"ಅತ್ತೆ, ಬಟ್ಟೆನೇ ಹೀಗಿದೆ! ಮಗ್ಗದಲ್ಲಿ ಕೂತವರೂ ತಪ್ಪಿದಾರೆ. ಹೊದ್ದವರ ಭುಜ ಬಗ್ಗಿದ ಕಡೆ ಎಳೆನೂ ಬಗ್ಗಿದೆ. ನೀವು ಅದರ ಜೊತೆಗೇ ಹೋಗಿದೀರಿ."

"ನಾನೆಲ್ಲಿ ಹೋದೆ? ಬೆರಳು ಹೋಗಿದೆ."

ಸೊಸೆ ಮತ್ತೆ ಕೋಟಿನ ಚಿತ್ರಕ್ಕೆ ಬಂದಳು. ಅದೂ ಕೈಮಗ್ಗದ ಉಣ್ಣೆ. ಹೇಗೆಂದರೆ ಹಾಗೆ ನಡೆದಾಡುವ ಎಳೆಗಳ ನಡುವೆ ಅವಳ ರಫೂ, ಸಂತೆಯ ಮಧ್ಯೆ ಕವಾಯತು ಮಾಡುವ ಪೊಲೀಸರ ಹಾಗೆ ನಿಂತಿತ್ತು. ಅವಳಿಗೆ ನಗು ಬಂತು. ನಾಲ್ಕು ವರ್ಷದ ಸಿಟ್ಟು ಎಲ್ಲಿ ಹೋಯಿತೋ.

ಅತ್ತೆ ಇನ್ನೊಂದು ಶಾಲು ತೆಗೆದುಕೊಂಡು ಸೂಜಿ ಚುಚ್ಚಲು ಹೋದರು. ಕೈ ಗಾಳಿಯಲ್ಲೇ ನಿಂತಿತು. ಇನ್ನೊಮ್ಮೆ ಹೋದರು; ಮತ್ತೆ ನಿಂತಿತು.

"ಆ ಫೋನನ್ನ ಮಗುಚಿ ಇಡೇ," ಅಂದರು. "ಅದು ನೋಡ್ತಾ ಇದ್ರೆ ನನ್ನ ಕೈಗೆ ನಾಚಿಕೆ ಆಗುತ್ತೆ."

ಸೊಸೆ ಮಗುಚಿ ಇಟ್ಟಳು. ತನ್ನ ಹೊಲಿಗೆಯನ್ನು ಒಂದೂ ಉಳಿಯದ ಹಾಗೆ ಬಿಚ್ಚಿದಳು. ಈ ಸಲ ಎಣಿಸಲಿಲ್ಲ. ಪ್ರತಿ ಎಳೆ ಹಾಕುವ ಮುಂಚೆ ಅದರ ನೆರೆಯ ಎಳೆಯನ್ನು ಬೆರಳ ತುದಿಯಿಂದ ಸವರಿ, ಅದು ಹೋದ ದಾರಿ ಕೇಳಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಪಕ್ಕದ ಸ್ಟೂಲಿನಿಂದ ಗುನುಗು ಕೇಳಿಸಿತು.

ಐದಕ್ಕೆ ಹತ್ತು ನಿಮಿಷ ಇರುವಾಗ ಅತ್ತೆಯ ಹೆಬ್ಬೆರಳು ತೋಳಿನ ಮೇಲೆ ಹೋಯಿತು. ವಾಪಸು ಬಂತು. ಅಡ್ಡಕ್ಕೆ ಹೋಯಿತು, ನಿಲ್ಲಲಿಲ್ಲ. ಅತ್ತೆ ಕಣ್ಣು ಬಿಟ್ಟು ಸೊಸೆಯನ್ನು ನೋಡಿದರು. ಅಷ್ಟು ಸುಲಭಕ್ಕೆ ಒಪ್ಪುವ ಹಾಗೆ ಕಾಣಲಿಲ್ಲ.

"ಕೊಡು ಅದನ್ನ ಇಲ್ಲಿ."

ಫೋನನ್ನು ತಾವೇ ಹಿಡಿದರು. ಮೊದಲು ಅವರ ಮೊಣಕಾಲು ಬಂತು, ಆಮೇಲೆ ಕಿಟಕಿಯ ಸರಳು, ಕೊನೆಗೆ ತೋಳು. ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಚಿತ್ರದ ಮೂಲೆ ಮೂಲೆ ಸರಿಸಿ ನೋಡಿದರು. ಹೊರಗೆ ಲೈಬ್ರರಿಯವರ ಸೈಕಲ್ಲು ಗೋಡೆಗೆ ಒರಗಿದ ಸದ್ದಾಯಿತು.

"ಇಗೋ!" ಅತ್ತೆಯ ಮುಖ ಅರಳಿತು. "ಇಲ್ಲಿ ಎರಡು ಎಳೆ ಹಾರಿದೀಯ, ನೋಡು. ತಪ್ಪು ತಾನೇ?"

ಸೊಸೆ ಬಗ್ಗಿ, ನಿಧಾನವಾಗಿ ನೋಡಿದಳು.

"ಅದು ನೇಯ್ದವರದ್ದು ಅತ್ತೆ," ಅಂದಳು. "ನನ್ನದು ಅದರ ಪಕ್ಕದ್ದು."